ಕಾರು ಬೇಡ ಎಂದ ಅಳಿಯ

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬೋರಲು ಹಾಕಿದ ಬಕೀಟಿನ ಮೇಲೆ ಕೂತು, ವಿಜಯೇಂದ್ರ ಎದುರಿಗೆ ಎರಡು ಚಪ್ಪಲಿಗಳನ್ನು ಜೋಡಿಸಿಟ್ಟುಕೊಂಡ. ಎಡಗಡೆಯದು ಬ್ರೇಕು, ಬಲಗಡೆಯದು ಎಕ್ಸಿಲೇಟರು. ಮೂರನೆಯದೊಂದು ಚಪ್ಪಲಿ, ಅಂದರೆ ಕ್ಲಚ್ಚು, ಬೇಕಾಗಿಲ್ಲ ಎಂಬುದೇ ಪೆಟ್ರೋಲು, ಬ್ಯಾಟರಿ ಎರಡರಿಂದಲೂ ಓಡುವ ಹೈಬ್ರಿಡ್ ಕಾರಿನ ಮೇಲೆ ಅವನಿಗಿದ್ದ ಪ್ರೀತಿಯ ಗುಟ್ಟು. ಊರವರಿಗೆ ಮಾತ್ರ ಬೇರೆ ಕಾರಣಗಳನ್ನು ಹೇಳುತ್ತಿದ್ದ: ಹೊಗೆ, ಪರಿಸರ, ಮೊಮ್ಮಕ್ಕಳ ಕಾಲಕ್ಕೆ ಉಳಿಯಬೇಕಾದ ಗಾಳಿ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಹೇಳಿದವನಿಗೆ ಕಾರಣಗಳ ಬರಗಾಲ ಯಾವತ್ತೂ ಬಂದಿರಲಿಲ್ಲ. ಎರಡೂ ಪೆಡಲುಗಳನ್ನು ಬಲಗಾಲೇ ಒತ್ತಬೇಕು, ಎಡಗಾಲು ಸುಮ್ಮನೆ ಇರಬೇಕು ಎಂದು ಮೊಬೈಲಿನ ವಿಡಿಯೊದಲ್ಲಿ ಹೇಳಿದ್ದರು. ಅವನ ಎಡಗಾಲು ಸುಮ್ಮನಿರಲು ಒಪ್ಪಲಿಲ್ಲ. ಐವತ್ತನಾಲ್ಕು ವರ್ಷ ಯಾವ ಜವಾಬ್ದಾರಿಯನ್ನೂ ಕೇಳದಿದ್ದ ಆ ಕಾಲಿಗೆ ಇವತ್ತೇ ಉತ್ಸಾಹ ಬಂದು, ಬಲಗಾಲಿಗಿಂತ ಮೊದಲೇ ಹೋಗಿ ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು. ಹೊರಗಿನಿಂದ ಹೆಂಡತಿ ಪ್ರಿಯಂವದಾ, ಹತ್ತಕ್ಕೆ ಕಾರು ಬರುತ್ತದೆ, ಇನ್ನೂ ಎಷ್ಟು ಹೊತ್ತು ಎಂದು ಕೇಳಿದಳು. ಅವನು ಬ್ರೇಕನ್ನು ಕಾಲಿಗೆ ಹಾಕಿಕೊಂಡು, ಎಕ್ಸಿಲೇಟರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗಡಿಬಿಡಿಯಿಂದ ಎರಡು ತಂಬಿಗೆ ನೀರು ಮೈಮೇಲೆ ಸುರಿದುಕೊಂಡ.

ಕಾರು ಹೊಡೆಯಲು ಬರುವುದಿಲ್ಲ ಎಂಬುದು ಹೆಂಡತಿಗೆ ತಿಳಿದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಊರಿನಲ್ಲಿ ಎಷ್ಟೋ ಗಂಡಂದಿರಿಗೆ ಬರುವುದಿಲ್ಲ. ಆದರೆ ಆ ಎಳೆಯನ್ನು ಹಿಡಿದು ಎಳೆದರೆ ಇಡೀ ಧೋತರವೇ ಬಿಚ್ಚಿಕೊಳ್ಳುವಂತಿತ್ತು. ಇಪ್ಪತ್ತಾರು ವರ್ಷಗಳ ಹಿಂದೆ, ಹೆಣ್ಣು ನೋಡಲು ಹೋದ ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ, ಅಟ್ಟದ ಮೇಲಿನ ಮೆಣಸಿನಕಾಯಿ ಘಾಟಿಗೆ ಎರಡು ಸಲ ಸೀನಿ, ಅವಲಕ್ಕಿಯ ತಟ್ಟೆ ಹಿಡಿದು ಕೂತಿದ್ದವನನ್ನು ಮಾವನಾಗಲಿದ್ದವರು, ಗಾಡಿ ಹೊಡೀಲಿಕ್ಕೆ ಬರ್ತದಲ್ಲ, ಎಂದು ಕೇಳಿದ್ದರು. ಒಳಬಾಗಿಲ ಪರದೆಯ ಕೆಳಗೆ ಅರಿಸಿನ ಹಚ್ಚಿದ ಎರಡು ಪಾದಗಳು ಕಾಣುತ್ತಿದ್ದವು. ಆ ಪಾದಗಳ ಎದುರಿಗೆ ಬರುವುದಿಲ್ಲ ಎನ್ನಲು ಯಾವ ಗಂಡಸಿಗೆ ಬಾಯಿ ಬಂದೀತು? ಬರ್ತದ, ಎಂದ. ಹಾಗಿದ್ದರೆ ಒಂದು ಸುತ್ತು ಹೊಡೆದುಕೊಂಡು ಬನ್ನಿ, ಮದುವೆಯಲ್ಲಿ ನಿಮಗೇ ಕೊಡುವುದು, ಎಂದು ಅವರು ಕೀಲಿಯನ್ನು ಅವನ ಅಂಗೈಯಲ್ಲಿ ಇಟ್ಟರು. ಹೊರಗೆ ಬೇವಿನ ಗಿಡದ ಕೆಳಗೆ ಬಿಳಿಯ ಕಾರು ನಿಂತಿತ್ತು. ವಿಜಯೇಂದ್ರ ಎದ್ದು ನಿಂತ, ತಟ್ಟೆಯನ್ನು ನೆಲಕ್ಕಿಟ್ಟ, ಮತ್ತು ತನ್ನ ಬಾಯಿಯಿಂದ ಬಂದ ಮಾತನ್ನು ತಾನೇ ಬೆರಗಾಗಿ ಕೇಳಿಸಿಕೊಂಡ: "ಹುಡುಗಿ ಕೊಡ್ರಿ, ಸಾಕು. ಕಾರು ಬ್ಯಾಡ."

ಮಾವನವರು ಕಣ್ಣೊರೆಸಿಕೊಂಡು ಅವನ ತಲೆಯ ಮೇಲೆ ಕೈಯಿಟ್ಟರು. ಅವತ್ತಿನಿಂದ ಆ ಮಾತಿಗೆ ಕಾಲು ಬಂದು ಅದು ಮೂರು ತಾಲೂಕು ತಿರುಗಿತು. ಪ್ರಿಯಂವದಾ ಅದನ್ನು ತಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಹೇಳಿದಳು, ದಿನಾ ಹೋಗಿಬರುವ ಹಾವೇರಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದಳು, ಸತ್ಯನಾರಾಯಣ ಪೂಜೆಯ ಐದನೆಯ ಅಧ್ಯಾಯ ಮುಗಿದ ಮೇಲೆ ಆರನೆಯದೆಂಬಂತೆ ಹೇಳಿದಳು. ಹೇಳುವಾಗ ಅವಳ ಮುಖ ಬೆಳಗುತ್ತಿತ್ತು, ಮತ್ತು ಆ ಬೆಳಕಿನಲ್ಲಿ ಕೂತು ಚಹಾ ಕುಡಿಯುವುದು ವಿಜಯೇಂದ್ರನಿಗೆ ಎಷ್ಟು ಅಭ್ಯಾಸವಾಯಿತೆಂದರೆ, ವರದಕ್ಷಿಣೆ ಎಂಬ ಅನಿಷ್ಟದ ಮೇಲೆ ಕಾಲೇಜಿನಲ್ಲಿ ಪ್ರತಿ ವರ್ಷ ಒಂದು ಭಾಷಣ ಮಾಡತೊಡಗಿದ. ಮಗಳು ಹರಿಪ್ರಿಯಾಳಿಗೆ ಬಂದ ಎರಡು ಸಂಬಂಧಗಳನ್ನು ಪ್ರಿಯಂವದಾ ಅದೇ ಮಾತಿನ ತಕ್ಕಡಿಯಲ್ಲಿ ತೂಗಿ, ನಿಮ್ಮಪ್ಪನಂಥವನು ಸಿಗಲಿ, ಎಂದು ವಾಪಸ್ಸು ಕಳಿಸಿದ್ದಳು. ಆಗ ಅವನಿಗೆ ನಿಜವಾಗಿಯೂ ಭಯವಾಗಿತ್ತು. ಮಗಳಿಗೆ ತನ್ನಂಥವನು ಸಿಕ್ಕರೆ ಏನು ಗತಿ ಎಂದು ಎರಡು ದಿನ ಊಟ ಸೇರಿರಲಿಲ್ಲ.

ಬಿಳಿಯ ಷರ್ಟನ್ನು ಆರಿಸಿ ಹಾಕಿಕೊಳ್ಳುತ್ತ, ಇದು ಅಪರಾಧಿಗಳ ಬಣ್ಣವೋ ನಿರಪರಾಧಿಗಳ ಬಣ್ಣವೋ ಎಂದು ಕನ್ನಡಿಯ ಎದುರು ಯೋಚಿಸಿದ. ಕಪಾಟಿನಲ್ಲಿ ಇನ್ನೂರು ಪುಟದ ನೋಟುಬುಕ್ಕು ಕಂಡಿತು. ಅದೊಂದು ಆರು ವರ್ಷದ ತಪಸ್ಸು. ಕಾರು ತೆಗೆದುಕೊಳ್ಳೋಣ ಎಂದು ಪ್ರಿಯಂವದಾ ಮೊದಲ ಸಲ ಅಂದಾಗ, ಇನ್ನೇನು ಹೈಬ್ರಿಡ್ ಬರುತ್ತದೆ, ತಡೆ, ಎಂದಿದ್ದ. ಹೈಬ್ರಿಡ್ ಬಂತು. ಇದು ಬರೀ ಮೈಲ್ಡ್, ಮೋಟಾರು ಕೈ ಹಚ್ಚುತ್ತದೆಯೇ ಹೊರತು ತಾನೇ ಗಾಡಿ ಎಳೆಯುವುದಿಲ್ಲ, ಸ್ಟ್ರಾಂಗ್ ಬರಲಿ, ಎಂದ. ಅದೂ ಬಂತು. ಬೆಲೆ ಇಳಿಯಲಿ, ಎಂದ. ಬೆಲೆ ಏರಿತು, ಅದಕ್ಕಂತೂ ಅವನು ಕೃತಜ್ಞನಾಗಿದ್ದ. ಹೀಗೆ ಮುಂದೂಡಲು ಓದಿ ಓದಿ, ಅವನಿಗೇ ಗೊತ್ತಿಲ್ಲದಂತೆ ಅವನು ಪಂಡಿತನಾಗಿಬಿಟ್ಟ. ಜನ ಬರತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಪುಟ: ದಿನಕ್ಕೆ ಎಷ್ಟು ಓಡಾಟ, ಮನೆಯಲ್ಲಿ ಎಷ್ಟು ಜನ, ಕೈಯಲ್ಲಿ ಎಷ್ಟಿದೆ. ಊರೊಳಗೆ ನಿಂತು ನಿಂತು ಹೋಗುವವನಿಗೆ ಸ್ಟ್ರಾಂಗ್ ಲಾಭ, ಬ್ರೇಕು ಒತ್ತಿದಾಗಲೆಲ್ಲ ಬ್ಯಾಟರಿ ತುಂಬಿಕೊಳ್ಳುತ್ತದೆ, ಹೆದ್ದಾರಿಯಲ್ಲೇ ಓಡುವವನಿಗೆ ಅಷ್ಟು ಉಪಯೋಗವಿಲ್ಲ, ಹತ್ತು ಹನ್ನೆರಡು ಲಕ್ಷದವನು ಮೈಲ್ಡಿಗೆ ಸಮಾಧಾನಪಡಲಿ. ಹಲಗೇರಿಯ ರೈತ ದುರಗಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಒಂದ ಬಂಡಿಗೆ ಎರಡು ಜಾತಿ ಎತ್ತು ಹೂಡಿದ್ರ ಮೇವು ಯಾವುದಕ್ಕ ಹಾಕೂದ್ರಿ ಸರ, ಎಂದು ಕೇಳಿ ಮನೆಗೆ ಹೋಗಿದ್ದ. ಎದುರುಮನೆಯ ಬೀಜದಂಗಡಿ ಪ್ರಭುಲಿಂಗಪ್ಪನವರ ಅಂಗಡಿ ಮನೆಯಿಂದ ಮುನ್ನೂರು ಹೆಜ್ಜೆ. ಅವರಿಗೆ ವಿಜಯೇಂದ್ರ ಸೈಕಲ್ಲನ್ನು ಶಿಫಾರಸು ಮಾಡಿದ್ದರಿಂದ ಒಂದು ವಾರ ಮಾತುಬಿಟ್ಟಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ಪ್ರಿಯಂವದಾಳ ಅಣ್ಣ ಗಂಗಾಧರನಿಗೂ ತಂಗಿಯ ಮನೆಗೆ ಬರುವ ಕಾರಿನ ಮೇಲೆ ಎರಡು ಬೇಡಿಕೆ: ಡಿಕ್ಕಿಯಲ್ಲಿ ನಾಲ್ಕು ಚೀಲ ಹಿಡಿಯಬೇಕು, ಘಾಟು ಒಳಗೆ ಬರಬಾರದು. ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ ಎಂಬುದನ್ನು ಅವನಿಗೆ ತಿಳಿಸಿ ಹೇಳುವ ಕೆಲಸ ಇನ್ನೂ ಬಾಕಿಯಿತ್ತು.

ಎಲ್ಲಕ್ಕಿಂತ ಕಷ್ಟದ ಪುಟ ಗೋದೂಬಾಯಿಯದು. ಗೋದೂಬಾಯಿ ಅವನ ಸೋದರತ್ತೆ, ವಯಸ್ಸು ಎಂಬತ್ತೊಂದು, ಮಡಿಯ ವಿಷಯದಲ್ಲಿ ಹೈಕೋರ್ಟು. ಐರಣಿಗೆ ಹೋಗಿ ಹೊಳೆಯಲ್ಲಿ ಮುಳುಗಿ, ಮಡಿ ಕೆಡದಂತೆ ಮನೆ ಮುಟ್ಟುವುದು ಅವರ ಆಸೆ. ಪೆಟ್ರೋಲಿನ ವಾಸನೆ ಅವರಿಗೆ ಮೈಲಿಗೆ. ಕರೆಂಟಿಗೆ ವಾಸನೆ ಇಲ್ಲವಲ್ಲ, ಹೊಗೆ ಇಲ್ಲವಲ್ಲ, ಎಂದು ಕೇಳಿದ್ದರು. ಹಿಂದಿನ ಭಾನುವಾರ ಹೋಳಿಗೆ ತಿಂದ ಹುಮ್ಮಸ್ಸಿನಲ್ಲಿ ವಿಜಯೇಂದ್ರ, ಹಾಗಿದ್ದರೆ ಬ್ಯಾಟರಿಯ ಮೇಲೆ ಓಡುವಾಗ ಮಡಿ, ಇಂಜಿನ್ನಿನ ಮೇಲೆ ಓಡುವಾಗ ಮೈಲಿಗೆ, ಎಂದು ತಮಾಷೆಗೆ ತೀರ್ಪು ಕೊಟ್ಟಿದ್ದ. ಅತ್ತೆ ಅದನ್ನು ತಮಾಷೆಯೆಂದು ತಿಳಿಯಲಿಲ್ಲ. ಭೌತಶಾಸ್ತ್ರ ಕಲಿತವನು ಹೇಳಿದ್ದೆಂದು ಸೆರಗಿಗೆ ಗಂಟು ಹಾಕಿಕೊಂಡರು. ಇವತ್ತು ಅದನ್ನು ಪರೀಕ್ಷಿಸಲು ಉಣ್ಣೆಯ ಧಾಬಳಿ ಮಡಿಚಿ ಹಿಡಿದು, ಜಪಮಾಲೆ ಸಮೇತ, ಒಂಬತ್ತೂವರೆಗೇ ಬಾಗಿಲಲ್ಲಿ ಕೂತಿದ್ದರು.

ಹತ್ತಕ್ಕೆ ಸರಿಯಾಗಿ ಹಾವೇರಿಯ ಶೋರೂಮಿನ ಮೆಹನಾಜ, ಕೊಳ್ಳುವ ಮೊದಲು ಓಡಿಸಿ ನೋಡಲೆಂದು ಕಾರು ತಂದಳು. ತಂದದ್ದು ಯಾರಿಗೂ ಕೇಳಿಸಲಿಲ್ಲ. ಬಾಗಿಲು ಹಾಕಿದ ಸದ್ದಿಗೆ ಓಣಿ ತಿರುಗಿ ನೋಡಿತು. ಗೇಟುಗಳಲ್ಲಿ ಜನ ನಿಂತರು. ಬೇಸಿಗೆಯ ಬೆಳಗ್ಗೆಗಳಲ್ಲಿ ಯಾವಾಗಲೂ ಮಾಡುವಂತೆ ಪ್ರಭುಲಿಂಗಪ್ಪನವರು ರಸ್ತೆಯ ಅಂಚಿನ ನೆರಳಿಗೆ ಹಗ್ಗ ಹೆಣೆದ ಹೊರಸು ಹಾಕಿಕೊಂಡು, ಪೇಪರ್ ಹಿಡಿದು, ಕಾಲು ಮಡಚಿ ಕೂತಿದ್ದರು. ಕಾರಿನ ಮೂತಿ ಅವರ ಕಡೆಗಿತ್ತು, ನಡುವೆ ಇಪ್ಪತ್ತು ಅಡಿ ಇರಬಹುದು. ಮೆಹನಾಜ ಇಪ್ಪತ್ತೈದರ ಚುರುಕು ಹುಡುಗಿ. ಸರ್ ಹೆಸರು ನಮ್ಮ ಶೋರೂಮಿನಲ್ಲಿ ಎಲ್ಲರಿಗೂ ಗೊತ್ತು, ನೀವು ಕಳಿಸಿದ ಗಿರಾಕಿಗಳು ನಮಗೇ ಪಾಠ ಮಾಡುತ್ತಾರೆ, ಎಂದು ಹೇಳಿ, ಮೊದಲು ಅವನೇ ಕೂರಬೇಕೆಂದು ಬಾಗಿಲು ತೆಗೆದು ನಿಂತಳು. ಬಲಗಾಲು ಮೊದಲಿಡು ಎಂದು ಗೋದೂಬಾಯಿ ಹೇಳಿದರು. ಪಕ್ಕದ ಸೀಟಿನಲ್ಲಿ ಪ್ರಿಯಂವದಾ ಆಗಲೇ ಬೆಲ್ಟು ಹಾಕಿಕೊಂಡು, ಇಪ್ಪತ್ತಾರು ವರ್ಷ ಕಾದವಳ ಮುಖ ಹೊತ್ತು ಕೂತಿದ್ದಳು. ವಿಜಯೇಂದ್ರನಿಗೆ ಒಮ್ಮೆ ಎಲ್ಲ ಹೇಳಿಬಿಡೋಣ ಎನ್ನಿಸಿತು. ಹೇಳಿಯೂ ಹೇಳಿದ. "ಖರೇ ಹೇಳ್ಬೇಕಂದ್ರ ನನಗ ಹೊಡೀಲಿಕ್ಕೆ ಬರಂಗಿಲ್ಲ," ಎಂದ. ಓಣಿ ನಕ್ಕಿತು. ದೊಡ್ಡವರು ಯಾವಾಗಲೂ ಹೀಗೇ, ತುಂಬಿದ ಕೊಡ ತುಳುಕುವುದಿಲ್ಲ, ಎಂದು ಯಾರೋ ಅಂದರು. ಪ್ರಿಯಂವದಾ ಕೂಡ ನಕ್ಕಳು, ಅದೂ ಹೆಮ್ಮೆಯಿಂದ. ಸತ್ಯ ಹೇಳಿ ಸೋತ ಮೇಲೆ ಮನುಷ್ಯನಿಗೆ ಬೇರೆ ದಾರಿ ಏನಿದೆ, ಅವನು ಕೂತ.

ಚಪ್ಪಲಿಯನ್ನು ಒತ್ತಿದಂತೆ ಬ್ರೇಕು ಒತ್ತಿ, ಗುಂಡಿ ಒತ್ತಿದ. ಏನೂ ಸದ್ದಾಗಲಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. ಮೂರನೆಯ ಸಲವೂ ಒತ್ತಿ, ಒಳಗೊಳಗೇ ದೇವರಿಗೆ ಕೈಮುಗಿದು, ಬ್ಯಾಟರಿ ಇಳಿದಿದೆ, ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ, ಇದೊಂದು ಸಾಮಾನ್ಯ ದೋಷ, ಎಂದು ಕಿಟಕಿಯಿಂದ ಸಭೆಗೆ ತಿಳಿಸಿದ. ಮೆಹನಾಜ ಬಗ್ಗಿ ಬಹಳ ಮರ್ಯಾದೆಯಿಂದ, ಗಾಡಿ ಮೊದಲನೆಯ ಸಲವೇ ಚಾಲೂ ಆಗಿತ್ತು, ಎರಡನೆಯ ಸಲ ನೀವು ಬಂದ್ ಮಾಡಿದಿರಿ, ಈಗ ಮತ್ತೆ ಚಾಲೂ ಇದೆ, ಎಂದಳು. ಹೈಬ್ರಿಡ್ಡಿನ ಮೌನದ ಮೇಲೆ ಇಡೀ ತಾಲೂಕಿಗೆ ಉಪದೇಶ ಮಾಡಿದ್ದವನ ಕಿವಿ ಕೆಂಪಾದವು. ಆ ಕೆಂಪನ್ನು ಮುಚ್ಚಲು ಗೇರಿನ ಸಲಾಕೆಯನ್ನು ಡಿ ಎಂಬಲ್ಲಿಗೆ ಎಳೆದು, ಇದನ್ನೇ ನಾನು ಹೇಳುತ್ತಿದ್ದುದು, ನಿಂತಿದೆಯೋ ನಡೆದಿದೆಯೋ ತಿಳಿಯುವುದೇ ಇಲ್ಲ, ಎಂದು ಹೊರಗೆ ಕತ್ತು ಹಾಕಿ ವಿವರಿಸತೊಡಗಿದ. ವಿವರಿಸುವಾಗ ಕಾಲು ನೆಲದಿಂದ ತೆಗೆಯುವುದು ಅವನ ಕ್ಲಾಸಿನ ಹಳೆಯ ರೂಢಿ, ಕುರ್ಚಿಯ ಮೇಲೆ ಕಾಲು ಮೇಲೆತ್ತಿ ಕೂತೇ ಪಾಠ ಹೇಳುತ್ತಿದ್ದ. ಡಿಯಲ್ಲಿ ಬ್ರೇಕು ಬಿಟ್ಟರೆ ಗಾಡಿ ತಾನಾಗಿಯೇ ತೆವಳುತ್ತದೆ ಎಂಬುದು ಅವನ ನೋಟುಬುಕ್ಕಿನಲ್ಲಿ ಇರಲಿಲ್ಲ. ಓಣಿಯ ಗೇಟುಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡಿ, ಜನ ತನಗೆ ಜಾಗ ಬಿಡುತ್ತಿದ್ದಾರೆಂದು ತಿಳಿದ. ಮುಂದೆ ನೋಡಿದರೆ ಪ್ರಭುಲಿಂಗಪ್ಪನವರು ಹತ್ತಿರ ಬರುತ್ತಿದ್ದರು. ಕೂತವರು ಹೇಗೆ ಬಂದಾರು ಎಂದು ಯೋಚಿಸುವಷ್ಟರಲ್ಲಿ ಬಂಪರು ಹೊರಸಿಗೆ ತಾಕಿತು, ಹೊರಸು ಕಿರ್ರೆಂದಿತು, ಮತ್ತು ಪ್ರಭುಲಿಂಗಪ್ಪನವರು ಕಾಲು ಮಡಚಿದ ಭಂಗಿಯಲ್ಲೇ, ಪೇಪರ್ ಹಿಡಿದು, ಪಲ್ಲಕ್ಕಿಯಲ್ಲಿ ಹೊರಟವರಂತೆ, ರಸ್ತೆಯಲ್ಲಿ ಮುಂದೆ ಮುಂದೆ ಸಾಗಿದರು. ಹತ್ತು ಅಡಿ ಸಾಗಿರಬಹುದು. ಪ್ರಿಯಂವದಾ ಕೈ ಚಾಚಿ ಹ್ಯಾಂಡ್‌ಬ್ರೇಕಿನ ಗುಂಡಿ ಎಳೆದಳು. ಕಾರು ನಿಂತಿತು, ಹೊರಸು ನಿಂತಿತು.

ಪ್ರಭುಲಿಂಗಪ್ಪನವರು ಪೇಪರ್ ಮಡಚಿ, ಕೆಳಗಿಳಿದು, ಹೊರಸಿನ ನಾಲ್ಕು ಕಾಲು ನೋಡಿ, ಆಮೇಲೆ ತಮ್ಮ ಎರಡು ಕಾಲು ನೋಡಿಕೊಂಡರು. "ಆವಾಜ್ ಇಲ್ಲ ಅಂತ ನೀವು ಹೇಳಿದ್ದು ನಾ ನಂಬಿದ್ದಿಲ್ರಿ ಸರ," ಎಂದರು. "ಈಗ ಖರೇ ಅನಿಸ್ತು ಬಿಡ್ರಿ." ಓಣಿ ಒಪ್ಪಿತು. ಎಷ್ಟು ಹಗುರ ಕೈ, ಹೊರಸಿಗೆ ಒಂದು ಗೀರೂ ಆಗಿಲ್ಲ, ಪ್ರಯೋಗ ಮಾಡಿ ತೋರಿಸಿದರು, ಎಂದು ಮಾತಾಡಿಕೊಂಡಿತು. ವಿಜಯೇಂದ್ರನ ಕೀರ್ತಿ ಒಂದು ಗೇಣು ಬೆಳೆದೇ ಹೋಯಿತು. ಅವನು ಹಲ್ಲು ಬಿಟ್ಟು ಎಲ್ಲರಿಗೂ ಕೈಮುಗಿಯುತ್ತ ಪಕ್ಕಕ್ಕೆ ತಿರುಗಿದರೆ, ಪ್ರಿಯಂವದಾ ಅವನ ಮುಖವನ್ನು ನೋಡುತ್ತಿರಲಿಲ್ಲ. ಅವನ ಕಾಲುಗಳನ್ನು ನೋಡುತ್ತಿದ್ದಳು. ಎರಡೂ ಕಾಲು, ಅಂಗಳಕ್ಕೆ ನೀರು ನುಗ್ಗಿದಾಗ ಎತ್ತಿಕೊಳ್ಳುವಂತೆ, ಸೀಟಿನ ಮೇಲೆ ಇದ್ದವು. "ಈ ಕಡೆ ಬರ್ರಿ," ಎಂದಳು. "ನಾ ಹೊಡೀತೀನಿ."

ಬ್ಯಾಡಗಿಗೆ ಹೋಗಿ ಗಂಗಾಧರನಿಗೆ ಡಿಕ್ಕಿ ತೋರಿಸಿ ಬರುವುದೆಂದು ಮೊದಲೇ ಠರಾವಾಗಿತ್ತು. ತವರಿನಲ್ಲೇ ಕಲಿತಿದ್ದ ಪ್ರಿಯಂವದಾ ಚೆನ್ನಾಗಿ ಹೊಡೆಯುತ್ತಿದ್ದಳು, ಲಾರಿಗಳಿಗೆ ಹೆದರುತ್ತಿರಲಿಲ್ಲ. ಅವಳ ಎಡಗಾಲು ಸುಮ್ಮನಿತ್ತು. ಅದನ್ನು ನೋಡಿ ವಿಜಯೇಂದ್ರನಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಹೊಟ್ಟೆಕಿಚ್ಚಾಯಿತಲ್ಲ ಎಂದು ನಾಚಿಕೆಯಾಯಿತು. ಹಿಂದಿನ ಸೀಟಿನಲ್ಲಿ ಗದ್ದಲ. ಧಾಬಳಿ ಹಾಸಿ ಕೂತ ಗೋದೂಬಾಯಿ, ಯಾವಾಗ ಕರೆಂಟು ಯಾವಾಗ ಪೆಟ್ರೋಲು ಎಂದು ಮೆಹನಾಜಳನ್ನು ಕೇಳುತ್ತಿದ್ದರು. ಮುಂದಿನ ಪರದೆಯಲ್ಲಿ ಬಾಣಗಳು ಓಡುವುದನ್ನು ನೋಡಿ ಅವಳು ಹೇಳುತ್ತಿದ್ದಳು. ಮೊದಲು ನಕ್ಕು ಹೇಳಿದಳು, ಎರಡು ಕಿಲೋಮೀಟರಾಗುವಷ್ಟರಲ್ಲಿ ಶ್ರದ್ಧೆಯಿಂದ ಹೇಳತೊಡಗಿದಳು. ಈಗ ಮಡಿ ಅಜ್ಜಿ, ಎಂದರೆ ಜಪಮಾಲೆ ಓಡುತ್ತಿತ್ತು. ಈಗ ಮೈಲಿಗಿ, ಎಂದರೆ ಮಣಿಯ ಮೇಲೆ ಬೆರಳು ನಿಲ್ಲುತ್ತಿತ್ತು. ಏರು ಬಂದಾಗಲೆಲ್ಲ ಪುಣ್ಯಕ್ಕೆ ತಡೆಯಾಗುತ್ತಿತ್ತು.

ಕಾಕೋಳ ದಾಟಿದ ಮೇಲೆ ಪ್ರಿಯಂವದಾ ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದಳು: "ಒಮ್ಮೆನೂ ಹೊಡದಿಲ್ಲೇನು?" ಇಲ್ಲ, ಎಂದ. ಹಿಂದಿನಿಂದ, ಈಗ ಮಡಿ, ಎಂಬ ದನಿ ಬಂತು. ಅವಳು ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದಳು. ಅವನಿಗೆ ಮುಂದಿನ ಪ್ರಶ್ನೆ ಗೊತ್ತಿತ್ತು, ಅದು ಬರದಿರಲಿ ಎಂದು ಕಿಲೋಮೀಟರಿನ ಕಲ್ಲುಗಳನ್ನು ಓದುತ್ತ ಕೂತ. ಬಂತು. "ಆವತ್ತು ಅಪ್ಪ ಕೈಯಾಗ ಕೀಲಿ ಕೊಟ್ಟಾಗ, ಹೊಡೀಲಿಕ್ಕೆ ಬರ್ತಿದ್ರ ಇಸ್ಕೋತಿದ್ರೇನು?"

ಇಸ್ಕೋತಿರಲಿಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಗೊತ್ತು, ಪ್ರಯೋಗ ಮಾಡಿ ನೋಡಲಾಗದ ಮಾತಿನಷ್ಟು ಭದ್ರವಾದ ಮಾತು ಇನ್ನೊಂದಿಲ್ಲ. ಬಂದಿದ್ದರೂ ಇಸ್ಕೋತಿರಲಿಲ್ಲ, ತತ್ವವೇ ಬೇರೆ, ಡ್ರೈವಿಂಗೇ ಬೇರೆ, ಎಂದುಬಿಟ್ಟರೆ ಅವಳು ನಂಬಿಯೂ ನಂಬುತ್ತಿದ್ದಳು. ನಂಬಲು ಅವಳು ತಯಾರಾಗಿ ಕೂತಿದ್ದಾಳೆಂಬುದು ಅವಳ ಕತ್ತಿನಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ಅವನಿಗೆ ತಡೆಯಲಾರದಷ್ಟು ದುಃಖವಾಯಿತು. "ಇಸ್ಕೋತಿದ್ದೆ," ಎಂದ. ಅಷ್ಟಕ್ಕೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. "ಬಿಳೇ ಕಾರು. ಭಾಳ ಛಲೋ ಇತ್ತು."

ಈಗ ಮೈಲಿಗಿ ಅಜ್ಜಿ, ಎಂದಳು ಮೆಹನಾಜ. ಇಂಜಿನ್ನು ಸಣ್ಣಗೆ ಗುನುಗಿತು. ಪ್ರಿಯಂವದಾಳ ಕಣ್ಣು ತುಂಬಿದ್ದವು, ಆದರೆ ಸ್ಟೇರಿಂಗು ಅಲುಗಲಿಲ್ಲ. "ನಾ ಖರೇ ನಂಬಿದ್ದೆ," ಎಂದಳು. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಈ ಮೂರು ಶಬ್ದಕ್ಕೆ ಅವನ ಹತ್ತಿರ ಯಾವ ಕಾರಣವೂ ಇರಲಿಲ್ಲ. ತಾನು ಇಷ್ಟು ವರ್ಷ ಉಳಿಸಿಕೊಂಡದ್ದು ತನ್ನ ಮರ್ಯಾದೆಯನ್ನಲ್ಲ, ಇವಳ ಸಂತೋಷವನ್ನು, ಅದನ್ನು ಇವತ್ತು ತಾನೇ ಕೈಯಾರೆ ಒಡೆದೆ ಎನ್ನಿಸಿತು. ಮರುಕ್ಷಣವೇ, ಇದೂ ತನ್ನ ಮರ್ಯಾದೆ ಉಳಿಸುವ ಇನ್ನೊಂದು ಉಪಾಯವಿರಬಹುದು ಎನ್ನಿಸಿ ತಲೆ ತಗ್ಗಿಸಿದ. ಮೋಟೆಬೆನ್ನೂರಿನ ತಿರುವು ಬಂತು. ಪ್ರಿಯಂವದಾ ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಗಾಡಿಯನ್ನು ಬ್ಯಾಡಗಿಯ ರಸ್ತೆಗೆ ಹೊರಳಿಸಿದಳು. ಹೊರಳಿಸಿದ ಮೇಲೆ ತನಗೆ ತಾನೇ ಲೆಕ್ಕ ಹಾಕುವವಳಂತೆ, ಹರಿಪ್ರಿಯಾಳಿಗೆ ಬಂದ ಎರಡು ಸಂಬಂಧಗಳನ್ನು ಈ ಮಾತಿನ ಮೇಲೆ ವಾಪಸ್ಸು ಕಳಿಸಿದೆನಲ್ಲ, ಎಂದಳು. ಸ್ವಲ್ಪ ತಡೆದು, "ಇಬ್ಬರಿಗೂ ಕಾರ್ ಹೊಡೀಲಿಕ್ಕೆ ಬರ್ತಿತ್ತು," ಎಂದಳು. ಹೇಳುತ್ತಿದ್ದಂತೆ ಅವಳ ಮೂಗಿನಿಂದ ಒಂದು ಸದ್ದು ಬಂತು. ಅಳುವೆಂದು ಅವನು ಗಾಬರಿಯಿಂದ ತಿರುಗಿದ. ಅಳುವಾಗಿರಲಿಲ್ಲ, ಅಥವಾ ಬರೀ ಅಳುವಾಗಿರಲಿಲ್ಲ. ಅವಳು ನಗುತ್ತಿದ್ದಳು, ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದಳು, ಹೊರಸಿನ ಮೇಲೆ ಸಾಗಿದ ಪ್ರಭುಲಿಂಗಪ್ಪನವರ ನೆನಪಾಗಿ ಇನ್ನೂ ಜೋರಾಗಿ ನಗುತ್ತಿದ್ದಳು. ಅವನಿಗೂ ನಗು ಬಂತು. ನಗಲು ತನಗೆ ಹಕ್ಕಿದೆಯೋ ಇಲ್ಲವೋ ಎಂದು ತಿಳಿಯದೆ ಅರ್ಧಕ್ಕೇ ನುಂಗಿದ.

ಈ ಗಾಡಿಯೇ ಇರಲಿ, ಎಂದು ಅವಳು ಕೊನೆಗೆ ಹೇಳಿದಳು. ಗಂಗಾಧರನ ಚೀಲಗಳಿಗೆ ಬೇರೆ ಗಾಡಿ ಬಾಡಿಗೆಗೆ ಸಿಗುತ್ತದೆ, ಐರಣಿಯ ದಾರಿ ಇಳಿಜಾರು ಇದ್ದಷ್ಟು ಅತ್ತೆಗೆ ಮಡಿ ದಕ್ಕಲಿ, ದಿನಾ ಹಾವೇರಿಗೆ ಹೋಗುವವಳು ನಾನು, ನನಗೆ ಇದು ಸಾಕು. ಆರು ವರ್ಷದ ನೋಟುಬುಕ್ಕಿನಲ್ಲಿ ಅವಳಿಗೆಂದು ಒಂದು ಪುಟ ತೆಗೆದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅವಳು ಆ ಪುಟವನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದಳು. ಆಮೇಲೆ ದನಿ ತಗ್ಗಿಸಿ, "ಆ ಕಥಿ ಇನ್ನ ನಾ ಹೇಳಂಗಿಲ್ಲ ರೀ," ಎಂದಳು. "ಯಾರರೆ ಕೇಳಿದ್ರ ನೀವಽ ಹೇಳ್ರಿ. ನಾ ಬಾಜೂಕ ಕೂತು ಕೇಳ್ತೀನಿ."

ದನಿ ತಗ್ಗಿಸಿದ್ದು ಸಾಲಲಿಲ್ಲ, ಗಾಡಿಯಲ್ಲಿ ಸದ್ದೇ ಇರಲಿಲ್ಲವಲ್ಲ. ಏನು ಕಥೆ ಮೇಡಮ್, ಎಂದು ಮೆಹನಾಜ ಮುಂದೆ ಬಗ್ಗಿದಳು. ಗೋದೂಬಾಯಿ ಜಪಮಾಲೆ ಮಡಿಲಿಗಿಟ್ಟು, ಅಯ್ಯ, ನಿನಗೆ ಗೊತ್ತಿಲ್ಲವೇ, ನಮ್ಮ ವಿಜೂ ಹೆಣ್ಣು ನೋಡಲು ಹೋದಾಗ ಏನಂದ ಅಂತ ಇಡೀ ಜಿಲ್ಲೆಗೇ ಗೊತ್ತು, ಹೇಳು ಪ್ರಿಯಂವದಾ, ನೀ ಹೇಳಿದ ಹಾಗೆ ಯಾರಿಗೂ ಹೇಳಲು ಬರುವುದಿಲ್ಲ, ಎಂದರು. ಪ್ರಿಯಂವದಾ ಒಮ್ಮೆ ಗಂಡನ ಕಡೆ ನೋಡಿ, ಮತ್ತೆ ರಸ್ತೆಯ ಮೇಲೆ ಕಣ್ಣಿಟ್ಟಳು. ಕಿಟಕಿಯ ಸಂದಿಯಿಂದ ಘಾಟಿನ ಮೊದಲ ಎಳೆ ಬಂದು ವಿಜಯೇಂದ್ರನ ಮೂಗಿಗೆ ತಾಕಿತು. ಅವನು ಸೀಟಿನಲ್ಲಿ ಅರ್ಧ ಹಿಂದಕ್ಕೆ ತಿರುಗಿ, ಅತ್ತೆಯ ಮುಖ ನೋಡಿದ, ಆ ಹುಡುಗಿಯ ಮುಖ ನೋಡಿದ, ಕ್ಲಾಸಿನ ಮೊದಲ ದಿನದಂತೆ ಷರ್ಟಿನ ಕಾಲರು ಸರಿಮಾಡಿಕೊಂಡ.

"ಆವಾಗ ನನಗ ಕಾರ್ ಹೊಡೀಲಿಕ್ಕೆ ಬರ್ತಿದ್ದಿಲ್ಲ," ಎಂದು ಶುರುಮಾಡಿ, ಸುಳ್ಳಾಯಿತೆಂದು ತಡೆದು, "ಈಗೂ ಬರಂಗಿಲ್ಲ," ಎಂದ.

ಬ್ಯಾಡಗಿ ಮೂರೇ ಕಿಲೋಮೀಟರಿತ್ತು. ಅಷ್ಟರಲ್ಲಿ ಮುಗಿಯುವ ಕಥೆ ಇದಲ್ಲವೆಂದು ಪ್ರಿಯಂವದಾ ಗಾಡಿಯನ್ನು ನಿಧಾನ ಮಾಡಿದಳು.